ತಮ್ಮನನ್ನು ಎತ್ತಿದವನ ಕೈ

ಹಂಪಸಾಗರ

ನಾನು ಐರ್ಲೆಂಡಿಗೆ ಹೋದದ್ದು ಒಬ್ಬ ಮುದುಕನ ಕೈಗೆ ನೀರು ಹಾಕುವುದಕ್ಕೆ. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಜಾಗವಿತ್ತು. ಅಲ್ಲಿ ಹೀಗೆ ಬರೆಯಲು ಆಗದೆ, ತಮ್ಮ ತೀರಿಕೊಂಡ ಸ್ಥಳ ನೋಡಲು ಎಂದು ಬರೆಸಿದೆ. ಅದೂ ಸುಳ್ಳಲ್ಲ.

ನಮ್ಮದು ಹಂಪಸಾಗರದಲ್ಲಿ ಮೀನು ಹಿಡಿಯುವ ಮನೆತನ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡೆ. ತಮ್ಮ ಹುಲುಗಪ್ಪ ಅಡುಗೆ ಕಲಿತ. ಹೊಸಪೇಟೆ, ಗೋವಾ, ದುಬೈ ದಾಟಿ ಕೊನೆಗೆ ಐರ್ಲೆಂಡಿನ ಪಶ್ಚಿಮಕ್ಕಿರುವ ಒಂದು ಹಳ್ಳಿಯ ಹೋಟೆಲಿಗೆ ಹೋದ. ಹಿಂದೆ ಒಬ್ಬ ಜಮೀನ್ದಾರ ಮೀನು ಹಿಡಿಯಲು, ಬೇಟೆಯಾಡಲು ಕಟ್ಟಿಸಿಕೊಂಡಿದ್ದ ದೊಡ್ಡ ಮನೆಯಂತೆ ಅದು. ಅಲ್ಲಿಯವರು ಅದನ್ನು ಲಾಡ್ಜ್ ಎನ್ನುತ್ತಾರೆ. ನಮ್ಮ ಕಡೆ ಲಾಡ್ಜ್ ಎಂದರೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರು ಇರುವಂಥದ್ದು. ಹಾಗಾಗಿ ಅವ್ವ ಬಹಳ ದಿನ, ಮಗ ಅಷ್ಟು ದೂರ ಹೋಗಿ ಲಾಡ್ಜಿನಲ್ಲಿ ಇದ್ದಾನೆಂದು ಯಾರಿಗೂ ಹೇಳುತ್ತಿರಲಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಆ ಮನೆಯ ಮುಂದಿನ ಕೆರೆಯಲ್ಲಿ ಹುಲುಗಪ್ಪ ತೀರಿಕೊಂಡ. ಎರಡು ದಿನದ ಮೇಲೆ ಸಿಕ್ಕ. ಮೂರು ವಾರದ ಮೇಲೆ ಪೆಟ್ಟಿಗೆಯಲ್ಲಿ ಊರಿಗೆ ಬಂದ. ಮಣ್ಣು ಮಾಡಿದೆವು. ಹೋಟೆಲಿನವರ ಪತ್ರದಲ್ಲಿ, ನಮ್ಮ ದೋಣಿಯವರೇ ಅವರನ್ನು ನೀರಿನಿಂದ ಎತ್ತಿದರು ಎಂಬ ಒಂದು ಸಾಲು ಇತ್ತು. ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. ಹೇಳಬಾರದಿತ್ತೋ ಏನೋ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನೀರಿನಲ್ಲಿ ಸತ್ತವರನ್ನು ಯಾರು ಎತ್ತುತ್ತಾರೋ ಅವರ ಕೈಯನ್ನು ಸತ್ತವರ ಮನೆಯವರೇ ತೊಳೆಸಬೇಕು. ಅದೇ ನೀರಿನ ದಂಡೆಯಲ್ಲಿ ನಿಲ್ಲಿಸಿ, ತಾಮ್ರದ ತಂಬಿಗೆಯಿಂದ ಎರಡೂ ಕೈಗೆ ನೀರು ಹಾಕಿ, ಹೊಸ ಧೋತರ, ಟವಲು ಕೊಡಬೇಕು. ಎತ್ತಿದವರು ಆಗ, ನಿಮ್ಮವನನ್ನ ನಿಮಗ ಕೊಟ್ಟೀನಿ ಅನ್ನಬೇಕು. ಅಲ್ಲಿಗೆ ಅವರ ಕೈ ಬಿಡುಗಡೆ. ಅಲ್ಲಿಯವರೆಗೆ ಅವರು ಹೆಣ ಹೊತ್ತುಕೊಂಡೇ ಇರುತ್ತಾರೆ ಎಂಬುದು ನಮ್ಮ ಹಿರಿಯರ ಲೆಕ್ಕ. ಕೊಟ್ಟ ಬಟ್ಟೆಯನ್ನು ನಮ್ಮ ಮನೆಯವರು ಮತ್ತೆ ಮುಟ್ಟುವಂತಿಲ್ಲ.

ಹಾಗಾದರೆ ಅಲ್ಲಿಗೇ ಹೋಗಬೇಕು ಎಂದು ಅವ್ವ ಹಟ ಹಿಡಿದಾಗ ನಮ್ಮ ಕಾಕ ನಕ್ಕರು. "ಕೈ ತೊಳಸಾಕ ಇಮಾನ ಹತ್ತತೀಯೇನಲೇ ನಾಗ್ಯಾ? ಇಲ್ಲೇ ಹೊಳ್ಯಾಗ ಒಂದು ತಂಬಿಗಿ ನೀರು ಬಿಟ್ಟು ಕೈ ಮುಗಿ. ನೀರು ನೀರಿಗೆ ಕೂಡತೈತಿ."

ಅವ್ವ ಕೇಳಿದಳು, "ನೀ ಯಾವಾಗರ ಹೆಣ ಎತ್ತೀಯೇನು, ಮೈದುನಪ್ಪ?"

"ಇಲ್ಲ ಬಿಡವಾ."

"ಹಂಗಾರ ಸುಮ್ಕಿರು. ಎತ್ತಿದವ ಅಲ್ಲಿ ಅದಾನ. ವರ್ಸ ಆತು, ಅವನ ಕೈ ಹಂಗ ಅದಾವು." ಆಮೇಲೆ ನನ್ನ ಕಡೆ ತಿರುಗಿದಳು. "ನೀನ ಹೋಗಬೇಕು. ಬ್ಯಾರೇದವ್ರ ಕೈಲೆ ಕಳಿಸೂ ಕೆಲಸ ಅಲ್ಲ ಇದು."

ನೀನ ಎನ್ನುವುದನ್ನು ಅವ್ವ ಒತ್ತಿ ಹೇಳಿದಳು. ನಾನು ಹಿರಿಯ ಮಗ, ಅದಕ್ಕೆ ಎಂದುಕೊಂಡೆ.

ಡಬ್ಲಿನ್

ಮೇ ತಿಂಗಳ ಒಂದು ಬೆಳಿಗ್ಗೆ ಡಬ್ಲಿನ್ನಿನಲ್ಲಿ ಇಳಿದೆ. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಚಟ್ನಿಪುಡಿ, ಖಡಕ್ ರೊಟ್ಟಿ ಪಕ್ಕಕ್ಕಿಟ್ಟು ಧೋತರದಲ್ಲಿ ಸುತ್ತಿದ್ದ ತಂಬಿಗೆಯನ್ನು ಎತ್ತಿ ನೋಡಿದರು. ಇದೇನು ಎಂದು ಕೇಳಿದ ಹುಡುಗಿಗೆ ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ "ವಾಟರ್, ಹ್ಯಾಂಡ್, ಬ್ರದರ್ ಡೆತ್" ಎಂದೆ. ಅವಳು ತಂಬಿಗೆಯೊಳಗೆ ಮೂಗಿಟ್ಟು ನೋಡಿದಳು. ಬೂದಿ ಇರಬಹುದು ಎಂದುಕೊಂಡಳೋ ಏನೋ. ಖಾಲಿ ಎಂದು ತಿಳಿದ ಮೇಲೆ ಎರಡೂ ಕೈಯಿಂದ ಹಿಡಿದು ನನಗೆ ವಾಪಸು ಕೊಟ್ಟಳು.

ಹೊರಗೆ ಮಾಬು ನಿಂತಿದ್ದ. ಮಾಬು ಎಂದರೆ ಮೆಹಬೂಬ, ಕೊಟ್ಟೂರಿನವನು. ಅವರ ಮನೆಯಲ್ಲಿ ಎಲ್ಲರೂ ಲಾರಿ ಮೆಕ್ಯಾನಿಕ್ಕುಗಳು. ಇವನೊಬ್ಬ ಅಡುಗೆ ಹಿಡಿದ. ದುಬೈನಲ್ಲಿ ಹುಲುಗಪ್ಪನ ಜೊತೆ ಇದ್ದ, ಈಗ ಅದೇ ಲಾಡ್ಜಿನಲ್ಲಿ ಅಡುಗೆ ಮಾಡುತ್ತಾನೆ, ತಮ್ಮನನ್ನು ಅಲ್ಲಿಗೆ ಕರೆಸಿದವನೂ ಇವನೇ. ಫೋನಿನಲ್ಲಿ ಮಾತ್ರ ಪರಿಚಯ. ನನ್ನನ್ನು ನೋಡಿದವನೇ ಮುಖ ಆಚೆ ತಿರುಗಿಸಿಕೊಂಡ. ನಾನೂ ಹುಲುಗಪ್ಪನೂ ನೋಡಲು ಒಂದೇ ತರ ಇದ್ದೆವು.

"ಚಪ್ಪಲಿ ಹಾಕ್ಕಂಡು ಬಂದೀಯಲ್ಲ ಯಣ್ಣ," ಎಂದ, ನನ್ನ ಕಾಲು ನೋಡಿ. "ಇದೇನು ಕೊಟ್ಟೂರು ಸಂತಿ ಅಂತ ತಿಳದೀಯೇನು?"

ಬಸ್ಸಿನಲ್ಲಿ ನಾಲ್ಕು ತಾಸು. ಕಿಟಕಿಯ ಆಚೆ ಎಲ್ಲಿ ನೋಡಿದರೂ ಹಸಿರು. ಬೆಳೆ ಯಾವುದೆಂದು ತಿಳಿಯಲಿಲ್ಲ. ಕೇಳಿದೆ.

"ಹುಲ್ಲು. ಹುಲ್ಲೇ ಬೆಳಿ ಇಲ್ಲಿ. ದನ ಮೇಯ್ತಾವು, ಮಳಿ ಬರತೈತಿ, ಮತ್ತ ಹುಲ್ಲು ಬರತೈತಿ. ಬಿತ್ತೂದು, ಕಳೆ ತಗಿಯೂದು ಏನಿಲ್ಲ."

ಹುಲ್ಲಿನ ನಡುವೆ ಅಲ್ಲಲ್ಲಿ ಚಾವಣಿ ಇಲ್ಲದ ಕಲ್ಲಿನ ಮನೆಗಳು. ಗೋಡೆ ಗಟ್ಟಿಯಾಗಿವೆ, ಬಾಗಿಲ ಜಾಗದಲ್ಲಿ ಗಿಡ ಬೆಳೆದಿದೆ. ನಮ್ಮಲ್ಲಿ ಮನೆ ಹಾಳು ಬಿದ್ದರೆ ಅದರ ಕಲ್ಲು ಒಂದು ಬೇಸಿಗೆಯಲ್ಲಿ ನಾಲ್ಕು ಮನೆ ಸೇರಿರುತ್ತದೆ. ಇಲ್ಲಿ ಯಾರೂ ಮುಟ್ಟಿಲ್ಲ. ಯಾಕೆ ಎಂದರೆ ಮಾಬುಗೆ ಗೊತ್ತಿರಲಿಲ್ಲ. "ನೋರಾ ಅವ್ವನ್ನ ಕೇಳು. ಆಕಿ ಎಲ್ಲಾ ಹೇಳ್ತಾಳ, ಸಾಕು ಅಂದ್ರೂ ಬಿಡೂದಿಲ್ಲ."

ದೊಡ್ಡ ಮನೆ

ನೋರಾ ಆ ಲಾಡ್ಜನ್ನು ನೋಡಿಕೊಳ್ಳುವ ಹೆಂಗಸು. ಅರವತ್ತು ದಾಟಿದೆ. ಅವರ ತಾಯಿ ಅಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ, ಅಜ್ಜಿ ಹಾಸಿಗೆ ಹಾಸುತ್ತಿದ್ದರಂತೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ನೋರಾ ನನ್ನ ಎರಡೂ ಕೈ ಹಿಡಿದು, ನಿಮ್ಮ ದುಃಖಕ್ಕೆ ನನಗೂ ನೋವಾಗಿದೆ ಎಂದರು. ಹಿಂದೆ ನಿಂತಿದ್ದ ತೋಟದವನೂ ಅದೇ ಮಾತು ಹೇಳಿ ಕೈ ಕುಲುಕಿದ. ಹಾಲು ತಂದವನೂ ಹೇಳಿದ. ಮರುದಿನ ಅಂಗಡಿಯಲ್ಲಿ, ಚರ್ಚಿನ ಹತ್ತಿರ, ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದವರು, ಎಲ್ಲರದೂ ಅದೇ ಮಾತು, ಅದೇ ಕೈ ಕುಲುಕು. ನಮ್ಮಲ್ಲಿ ಸಾವಿನ ಮನೆಯವರ ಕೈ ಯಾರೂ ಕುಲುಕುವುದಿಲ್ಲ. ಬಂದು ಕೂರುತ್ತಾರೆ, ಅಳುವವರು ಅಳುತ್ತಾರೆ, ಎದ್ದು ಹೋಗುವಾಗ ಹೇಳುವುದೂ ಇಲ್ಲ. ಇಷ್ಟು ಜನ ಕೈ ಹಿಡಿದದ್ದು ನನಗೆ ಮೊದಲು ಮುಜುಗರವಾಯಿತು. ಆಮೇಲೆ, ಯಾರು ಹಿಡಿದಿಲ್ಲ ಎಂಬುದನ್ನು ಗಮನಿಸತೊಡಗಿದೆ.

ಮಾರ್ಟಿನ್ ಬಂದಿರಲಿಲ್ಲ. ತಮ್ಮನನ್ನು ಎತ್ತಿದ ದೋಣಿಯವನ ಹೆಸರು ಅದು.

ಆ ಮೊದಲ ದಿನ ನಾನು ಒಳಗಿನಿಂದ ಹೊರಗೆ ಬರುವಷ್ಟರಲ್ಲಿ ಮನೆಯ ನಾಯಿ ನನ್ನ ಒಂದು ಚಪ್ಪಲಿ ಎತ್ತಿಕೊಂಡು ಹೋಗಿತ್ತು. ನೋರಾ ಅದರ ಹಿಂದೆ ಕೂಗುತ್ತಾ ಓಡಿದರು. ಚಪ್ಪಲಿ ಸಿಗಲಿಲ್ಲ. ಮಾಬು ಒಳಗೆ ಹೋಗಿ ಒಂದು ಜೊತೆ ರಬ್ಬರ್ ಬೂಟು ತಂದು ನನ್ನ ಮುಂದೆ ಇಟ್ಟ. ಯಾರವು ಎಂದು ನಾನು ಕೇಳಲಿಲ್ಲ. ನನ್ನ ಕಾಲಿಗೆ ಸರಿಯಾಗಿ ಕೂತವು.

ಮನೆ ದೊಡ್ಡದು, ಕಪ್ಪು ಕಲ್ಲಿನದು. ಹರಪನಹಳ್ಳಿ, ಗುಡೇಕೋಟೆ ಕಡೆಯ ಪಾಳೇಗಾರರ ಕೋಟೆ ನೋಡಿದವನಿಗೆ ಅದು ಗಟ್ಟಿಮುಟ್ಟು ಅನಿಸುವುದಿಲ್ಲ. ಅವರ ಕೋಟೆ ಯುದ್ಧಕ್ಕೆ ಕಟ್ಟಿದ್ದು. ಇದು ಆಟಕ್ಕೆ ಕಟ್ಟಿದ್ದು. ಕಟ್ಟಿಸಿದವನು ಲಂಡನ್ನಿನಲ್ಲಿ ಇರುತ್ತಿದ್ದನಂತೆ. ವರ್ಷಕ್ಕೆ ಎರಡು ತಿಂಗಳು ಗೆಳೆಯರನ್ನು ಕರೆದುಕೊಂಡು ಬರುವುದು, ಕೆರೆಯಲ್ಲಿ ಮೀನು, ಗುಡ್ಡದಲ್ಲಿ ಹಕ್ಕಿ, ಜಿಂಕೆ ಹೊಡೆಯುವುದು, ಹೋಗುವುದು. ಉಳಿದ ಹತ್ತು ತಿಂಗಳು ಊರಿನ ಜನ ಆ ಖಾಲಿ ಮನೆಗೆ ಒಲೆ ಹಚ್ಚಿ ಬೆಚ್ಚಗೆ ಇಡುವುದು.

ಹಜಾರದ ತುಂಬ ಕೊಂಬು. ಗಾಜಿನ ಪೆಟ್ಟಿಗೆಗಳಲ್ಲಿ ಒಣಗಿಸಿ ಬಣ್ಣ ಬಳಿದ ಮೀನು. ಪ್ರತಿ ಮೀನಿನ ಕೆಳಗೆ ಹಿಡಿದ ದೊರೆಯ ಹೆಸರು. ಮೀನುಗಾರರ ಮನೆಯವನು ನಾನು, ಅಂಥದ್ದನ್ನು ಎಲ್ಲೂ ನೋಡಿರಲಿಲ್ಲ. ತಿನ್ನದೆ ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ. ನೆಲದ ಕೆಳಗೆ ಅಡುಗೆಮನೆಯಿಂದ ಹಿತ್ತಿಲಿಗೆ ಒಂದು ಸುರಂಗವಿದೆ. ಕಟ್ಟಿಗೆ, ನೀರು ಹೊರುವ ಆಳುಗಳು ಕಿಟಕಿಯಿಂದ ಅತಿಥಿಗಳ ಕಣ್ಣಿಗೆ ಬೀಳಬಾರದು ಎಂದು ಮಾಡಿಸಿದ್ದು.

"ನಮ್ಮಂಥವ್ರನ್ನ ಕಾಣಬಾರದು ಅಂತ ನೆಲದಾಗ ದಾರಿ ಮಾಡ್ಯಾರ ನೋಡು," ಎಂದ ಮಾಬು, ತಲೆ ತಗ್ಗಿಸಿ ಮುಂದೆ ನಡೆಯುತ್ತಾ. "ಈಗ ಆಲೂಗಡ್ಡಿ ಚೀಲ ಇಡ್ತೀವಿ. ಹುಲುಗ ಇಲ್ಲೇ ಕುಂತು ನಿನಗ ಫೋನ್ ಹಚ್ಚತಿದ್ದ. ಮ್ಯಾಲ ಸಿಗ್ನಲ್ ಸಿಗತೈತಿ, ಇಲ್ಲಿ ಸಿಗೂದಿಲ್ಲ ಅಂತೀನಿ, ಕೇಳವಲ್ಲ. ಬೆಚ್ಚಗೈತಿ ಬಿಡಲೇ ಅಂತಿದ್ದ."

ಹಾಗಾದರೆ ತಮ್ಮನ ಮಾತು ಅರ್ಧರ್ಧಕ್ಕೆ ಕತ್ತರಿಸಿ ಬರುತ್ತಿದ್ದುದು ಇದಕ್ಕೆ.

ಮೇಲೆ ಒಂದು ಮೇಜಿನ ಮೇಲೆ ದಪ್ಪ ಪುಸ್ತಕವಿತ್ತು. ಮನೆ ಕಟ್ಟಿದಾಗಿನಿಂದ ಅಂಥ ಪುಸ್ತಕ ಇಡುವುದು ರೂಢಿಯಂತೆ. ದಿನಾ ಯಾರು ಎಷ್ಟು ಮೀನು ಹಿಡಿದರು, ಗಾಳಿ ಹೇಗಿತ್ತು ಎಂದು ಬರೆಯುತ್ತಾರೆ. ದೋಣಿ ನಡೆಸಿದವರ ಹೆಸರು ಹಳೆಯ ಪುಸ್ತಕಗಳಲ್ಲಿ ಒಂದರಲ್ಲೂ ಇಲ್ಲ ಎಂದು ನೋರಾ ಹೇಳಿದರು. ನಾನು ಕಳೆದ ವರ್ಷದ ಏಪ್ರಿಲ್ ತೆಗೆದೆ. ತಮ್ಮ ಸತ್ತ ದಿನದ ಎದುರು, ಬಡಗಣ ಗಾಳಿ, ಮೀನು ಹಿಡಿಯಲಿಲ್ಲ ಎಂದಿತ್ತು. ಮರುದಿನವೂ, ಅದರ ಮರುದಿನವೂ ಹಾಗೇ ಇತ್ತು. ನಾಲ್ಕನೆಯ ದಿನದಿಂದ ಮತ್ತೆ ಮೀನುಗಳು.

ನೋರಾ ಪುಸ್ತಕ ಮುಚ್ಚಿದರು. ಅವರ ಕಿವಿ ಕೆಂಪಾಗಿತ್ತು.

ದಂಡೆಯ ಮನೆಗಳು

ಮಾರನೆಯ ದಿನ ಮಾರ್ಟಿನ್ನನ ಮನೆಗೆ ಹೋದೆವು. ಲಾಡ್ಜಿನಿಂದ ಅರ್ಧ ತಾಸಿನ ನಡಿಗೆ. ಬಾಗಿಲು ಬಡಿದರೆ ಯಾರೂ ತೆಗೆಯಲಿಲ್ಲ. ಕಿಟಕಿಯ ಪರದೆ ಅಲ್ಲಾಡಿತು. ಚಿಮಣಿಯಿಂದ ಹೊಗೆ ಬರುತ್ತಿತ್ತು.

"ಅದಾನ ಒಳಗ," ಎಂದ ಮಾಬು. "ಮಾರ್ಟಿನ್! ಏ ಮಾರ್ಟಿನ್ನಜ್ಜ!" ಕೂಗಿ ಕೂಗಿ ಸೋತು ನನ್ನ ಕಡೆ ನೋಡಿದ. "ಮುದುಕ ಮೊದಲ ಹಿಂಗಿದ್ದಿಲ್ಲ ಯಣ್ಣ. ಹುಲುಗನ ಕಂಡ್ರ ಜೀವ. ಮಧ್ಯಾಹ್ನ ಅಡಿಗಿ ಮುಗದ್ರ ಸಾಕು, ಇಬ್ರೂ ದೋಣ್ಯಾಗ. ಆ ದಿನದಿಂದ ದೋಣಿ ಹತ್ತಿಲ್ಲ."

ವಾಪಸಾದೆವು. ನನಗೆ ಸಿಟ್ಟು ಬಂದಿತ್ತು. ಎಂಟು ಸಾವಿರ ಚಿಲ್ಲರೆ ಕಿಲೋಮೀಟರ್ ಬಂದವನಿಗೆ ಬಾಗಿಲು ತೆಗೆಯದವನ ಕೈ ಹೇಗೆ ತೊಳೆಸುವುದು? ಕಾಕ ಹೇಳಿದ್ದೇ ಸರಿ ಇತ್ತು ಎನಿಸಿತು.

ಸಂಜೆ ನೋರಾ ನನ್ನನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಸಂಜೆ ಬಹಳ ಉದ್ದ. ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಕೆಳಗೆ ಸಾಲು ಸಾಲು ಏರು ಕಾಣಿಸಿದವು, ನಮ್ಮ ಕಡೆಯ ಬದನೆ ಮಡಿಗಳಂತೆ. ಯಾವಾಗಿನದೋ ಆಲೂಗಡ್ಡೆ ಸಾಲುಗಳು. ಪಕ್ಕದಲ್ಲಿ ಕಾಡುಗಿಡ ಮುಚ್ಚಿದ ಕಲ್ಲಿನ ಗೋಡೆಗಳು. ಏಳು ಮನೆ ಇದ್ದವಂತೆ. ಬರಗಾಲದಲ್ಲಿ ಆಲೂಗಡ್ಡೆ ಕೊಳೆತು ಜನ ಸತ್ತ ಕಾಲದ ಆಸುಪಾಸು. ಹೊಗೆ, ನಾಯಿ, ಮಕ್ಕಳ ಗದ್ದಲಕ್ಕೆ ಹಕ್ಕಿ ಕೂರುವುದಿಲ್ಲ ಎಂದು ಜಮೀನ್ದಾರ ಆ ಏಳೂ ಮನೆಗಳ ಚಾವಣಿ ಕೀಳಿಸಿದ. ಬೀದಿಗೆ ಬಿದ್ದವರೇ ಹೊಟ್ಟೆಗಾಗಿ ಲಾಡ್ಜಿನ ಕಾಂಪೌಂಡಿಗೆ ಕಲ್ಲು ಹೊತ್ತರು. ಕೆಲವರು ಹಡಗು ಹತ್ತಿದರು. ಉಳಿದವರು ಅವನ ಬೇಟೆಗೆ ಹಕ್ಕಿ ಎಬ್ಬಿಸುವ ಆಳಾದರು, ಅವನ ಮೀನಿಗೆ ದೋಣಿ ನಡೆಸಿದರು. ಆ ಕಲ್ಲನ್ನು ಯಾರೂ ಯಾಕೆ ಮುಟ್ಟಿಲ್ಲ ಎಂದು ಕೇಳಿದ್ದಕ್ಕೆ ನೋರಾ, ಯಾರ ಮನೆ ಯಾವುದು ಎಂದು ನಮಗೆ ಇನ್ನೂ ಗೊತ್ತಿದೆ ಎಂದರು.

ಎಷ್ಟೋ ಕಾಲದ ಮೇಲೆ ಜಮೀನು ಉಳುವವರಿಗೆ ಬಂತು. ದೇಶದ ತುಂಬ ಇಂಥ ದೊಡ್ಡ ಮನೆಗಳಿಗೆ ಬೆಂಕಿ ಬಿತ್ತು. ಇದಕ್ಕೆ ಬೀಳಲಿಲ್ಲ, ಇದೊಂದು ಹೋದರೆ ಕೂಲಿ ಎಲ್ಲಿ ಎಂದು ಊರಿನವರೇ ತಡೆದರಂತೆ. ಆದರೆ ನೆಲ ಸಿಕ್ಕರೂ ಕೆರೆ ಸಿಗಲಿಲ್ಲ. ಮೀನಿನ ಹಕ್ಕು ಮನೆಯ ಜೊತೆಗೇ ಉಳಿಯಿತು. ಮನೆ ಕೊಂಡವರು ಕೆರೆಯನ್ನೂ ಕೊಂಡರು. ಈಗಿನ ಮಾಲೀಕರಿಗೂ ಸಾಕಾಗಿದೆ. ಚಾವಣಿ ಸೋರುತ್ತದೆ. ಈ ಬೇಸಿಗೆ ಮುಗಿದರೆ ಬಾಗಿಲು ಹಾಕುತ್ತಾರಂತೆ.

ನಾನು ನನ್ನ ಹರಕು ಇಂಗ್ಲಿಷಿನಲ್ಲಿ ನಮ್ಮೂರಿನ ಬಗ್ಗೆ ಹೇಳಿದೆ. ನಮ್ಮ ಹಳೆಯ ಊರು ಅಣೆಕಟ್ಟಿನ ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ಪಾಯ ಕಾಣುತ್ತದೆ. ನಮ್ಮಜ್ಜ ಅದರ ಮೇಲೆ ನಡೆದು, ಇಲ್ಲಿ ಒಲೆ, ಇಲ್ಲಿ ಬಚ್ಚಲು ಎಂದು ತೋರಿಸುತ್ತಿದ್ದ. ನೀರಿನ ಮೀನು ಈಗ ಗುತ್ತಿಗೆಯವರದು. ನೋರಾ ತಲೆದೂಗಿದರು. ಗೋಡೆಗಳಲ್ಲಿ ಒಂದನ್ನು ತೋರಿಸಿ, ಅದು ಮಾರ್ಟಿನ್ನನ ಮುತ್ತಜ್ಜನ ಮನೆ ಎಂದರು. ನಿಮ್ಮ ತಮ್ಮ ಅದರೊಳಗೆ ಕೊತ್ತಂಬರಿ ಬೆಳೆಯುತ್ತಿದ್ದ, ಗಾಳಿ ತಗಲುವುದಿಲ್ಲ ಎಂದು.

ಕೈ ತೊಳೆಸುವ ವಿಷಯವನ್ನು ಮಾಬು ಅವರಿಗೆ ಮೊದಲೇ ಹೇಳಿದ್ದ. ವಾಪಸು ಬರುವಾಗ ನೋರಾ, ನಾನು ಮಾರ್ಟಿನ್ನನ ಹತ್ತಿರ ಮಾತಾಡುತ್ತೇನೆ, ಬರುತ್ತಾನೋ ಇಲ್ಲವೋ ಗೊತ್ತಿಲ್ಲ ಎಂದರು.

ಮೂರನೆಯ ದಿನ ಇಡೀ ಮಳೆ. ಯಾರೂ ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಮಾಬುಗೆ ಈರುಳ್ಳಿ ಹೆಚ್ಚಿಕೊಟ್ಟೆ. ತಂಬಿಗೆಯನ್ನು ಎರಡು ಸಲ ಹುಣಸೆಹಣ್ಣು ಹಾಕಿ ತಿಕ್ಕಿದೆ.

ದೋಣಿಮನೆ

ನಾಲ್ಕನೆಯ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು. ಒಂಬತ್ತು ಗಂಟೆಗೆ ನೋರಾ ಬಂದು, ದೋಣಿಮನೆಯ ಹತ್ತಿರ ಇದ್ದಾನೆ ಎಂದರು.

ತಂಬಿಗೆ, ಧೋತರ, ಟವಲು ಹಿಡಿದು ಮಾಬುವಿನ ಜೊತೆ ಹೋದೆ. ಎಪ್ಪತ್ತು ದಾಟಿದ, ಎತ್ತರದ, ಬಗ್ಗಿದ ಮನುಷ್ಯ. ಎರಡೂ ಕೈ ಕೋಟಿನ ಜೇಬಿನಲ್ಲಿ. ನನ್ನ ಕಾಲಿನ ಬೂಟು ನೋಡಿದರು, ಮುಖ ನೋಡಿದರು, ಆಮೇಲೆ ಕೆರೆ ನೋಡಿದರು. ಕೈ ಹೊರಗೆ ತೆಗೆಯಲಿಲ್ಲ.

ಮಾಬು ಅವರಿಗೆ ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. ಅವರು ಒಂದೊಂದು ಮಾತು ಹೇಳುವುದು, ಮಾಬು ಅದನ್ನು ನನಗೆ ಹೇಳುವುದು, ಹೀಗೆ ಮಾತು ನಡೆಯಿತು.

"ಬ್ಯಾಡ ಅಂತಾನ. ಆ ನೀರು ತನಗ ಸಲ್ಲಲ್ಲ ಅಂತಾನ."

"ಯಾಕ ಅಂತ ಕೇಳು."

ಮುದುಕ ಬಹಳ ಹೊತ್ತು ಹೇಳಿದರು. ಮಾಬು ನಡುವೆ ಒಮ್ಮೆ, "ನನಗೂ ಹೇಳಿದ್ದಿಲ್ಲ ಇದನ್ನ," ಎಂದ. ಆಮೇಲೆ ನನಗೆ ಹೇಳಿದ.

"ಗಾಳಿ ಜೋರಿತ್ತಂತ. ಇನ್ನೊಂದು ದೋಣಿ ಆಚೀ ದಂಡಿಗೆ ಇತ್ತು, ತರಾಕ ಹೋಗಿದ್ರು. ಮಾರ್ಟಿನ್ ಕೈಯಾಗಿನ ಹುಟ್ಟು ಜಾರಿ ನೀರಿಗಿ ಬಿತ್ತು. ಹೋದ್ರ ಹೋಗ್ಲಿ, ಇನ್ನೊಂದು ಹುಟ್ಟಿನಾಗ ಹೆಂಗರ ದಡ ಸೇರಾಣು ಅಂತ ಇವ ಅನ್ನೂದ್ರಾಗ ಹುಲುಗ ಜಾಕೀಟು ಬಿಚ್ಚಿ ಹಾರ್ಯಾನ."

ಯಾಕೆ ಹಾರಿದ ಎಂದು ನನಗೆ ಗೊತ್ತಿತ್ತು. ನಮ್ಮದು ದುಂಡನೆಯ ಹರಿಗೋಲು. ಅದಕ್ಕಿರುವುದು ಒಂದೇ ಹುಟ್ಟು. ಅದು ನೀರಿಗೆ ಬಿದ್ದರೆ ಹರಿಗೋಲು ಸುತ್ತುತ್ತಾ ಹೋಗುತ್ತದೆ, ಎಲ್ಲಿಗೆ ಎಂದು ಹೇಳಲಾಗದು. ಹಾಗಾಗಿ ಹುಟ್ಟು ಬಿದ್ದ ಕೂಡಲೆ ಹಾರಬೇಕು, ಯೋಚನೆ ಮಾಡಬಾರದು ಎಂದು ಚಿಕ್ಕಂದಿನಲ್ಲೇ ಕಲಿಸುತ್ತೇವೆ. ಹುಲುಗಪ್ಪನಿಗೆ ಕಲಿಸಿದವನು ನಾನೇ. ಬೇಕೆಂದೇ ಹುಟ್ಟು ಎಸೆದು, ಹಾರಲೇ ಎಂದು ಕಿರುಚುತ್ತಿದ್ದೆ. ನಮ್ಮ ಹಿನ್ನೀರು ಏಪ್ರಿಲ್‌ನಲ್ಲಿ ಸ್ನಾನದ ನೀರಿನ ಹಾಗೆ ಇರುತ್ತದೆ. ತಾಸುಗಟ್ಟಲೆ ಈಜಬಹುದು.

"ಹುಟ್ಟು ಹಿಡದು ತಂದು ಮೊದಲು ದೋಣ್ಯಾಗ ಹಾಕಿದನಂತ. ನಕ್ಕನಂತ. ಆಮ್ಯಾಲ ಕೈ ಮ್ಯಾಲ ಮಾಡಿದ. ಇವ ಹಿಡಕಂಡ. ಎಳಿಯಾಕ ಆಗಲಿಲ್ಲ. ಸಪೂರ ದೋಣಿ, ಒಂದ ಕಡಿಗಿ ಬಗ್ಗಿದ್ರ ಮಗಚತೈತಿ. ಹುಲುಗನ ಕಾಲು ಮರಗಟ್ಟಿದ್ವು, ಬಡಿಯಾಕ ಬರವಲ್ದು. ಎಷ್ಟೊತ್ತು ಹಿಡಕಂಡಿದ್ದೆ ಗೊತ್ತಿಲ್ಲ ಅಂತಾನ. ಬೆರಳು ತಾವ ಬಿಚ್ಚಿದ್ವು ಅಂತ."

ಮಾಬು ನಿಲ್ಲಿಸಿದ. ಮುದುಕ ಜೇಬಿನಿಂದ ಬಲಗೈ ತೆಗೆದು ನನ್ನ ಮುಂದೆ ಹಿಡಿದರು. ಗಂಟು ಗಂಟಾದ ಬೆರಳು. ಅವರು ಹೇಳಿದ್ದು ನನಗೇ ಅರ್ಥವಾಯಿತು. ಎರಡು ದಿನದ ಮೇಲೆ ಎತ್ತಿದ್ದೂ ಈ ಕೈಯೇ. ಅದಕ್ಕೆ ಮೊದಲು ಬಿಟ್ಟದ್ದೂ ಈ ಕೈಯೇ.

ನಾನು ಅಲ್ಲಿಂದ ನಡೆದೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಆ ಚಾವಣಿ ಇಲ್ಲದ ಮನೆಯೊಳಗೆ ಹೋಗಿ ನಿಂತೆ. ಕೊತ್ತಂಬರಿ ಹೂ ಬಿಟ್ಟು ಬೀಜವಾಗಿ ತಾನೇ ಉದುರಿ ಮತ್ತೆ ಹುಟ್ಟಿತ್ತು. ನನಗೆ ಆ ಮುದುಕನನ್ನು ಹೊಡೆಯಬೇಕು ಅನಿಸಿತು. ಬಿಟ್ಟವನ ಕೈಗೆ ನೀರು ಹಾಕು ಎಂದು ನಮ್ಮಲ್ಲಿ ಯಾರೂ ಹೇಳಿಲ್ಲ. ತಂಬಿಗೆ ಚೀಲಕ್ಕೆ ಹಾಕಿಕೊಂಡು ಊರಿಗೆ ಹೋಗಿ, ತೊಳೆಸಿದೆ ಎಂದರೆ ಯಾರಿಗೆ ಗೊತ್ತಾಗುತ್ತದೆ?

ಅಲ್ಲಿ ನಿಂತಾಗ ನನಗೆ ಇನ್ನೊಂದು ನೆನಪಾಯಿತು. ನೆನಪಾಯಿತು ಎಂದರೆ ತಪ್ಪಾಗುತ್ತದೆ. ಒಂದು ವರ್ಷದಿಂದ ಅದೊಂದೇ ನೆನಪು ನನಗೆ.

ಮಾಬು ಬಾಗಿಲಲ್ಲಿ ಬಂದು ನಿಂತಿದ್ದ. "ಯಣ್ಣ, ಬಸ್ಸಿಗಿ ಇನ್ನೂ ಹೊತ್ತೈತಿ. ಕುಂದ್ರು ಬೇಕಾದ್ರ."

"ನಡಿ," ಎಂದೆ. "ಆ ಅಜ್ಜಗ ಒಂದು ಮಾತು ಹೇಳಬೇಕು, ಹೇಳು."

ಮಾರ್ಟಿನ್ ಅಲ್ಲೇ ಇದ್ದರು. ನಾನು ಹೇಳಿದೆ, ಮಾಬು ಇಂಗ್ಲಿಷಿನಲ್ಲಿ ಹೇಳಿದ. ಸಾಯುವುದಕ್ಕೆ ಹತ್ತು ದಿನ ಮೊದಲು ತಮ್ಮ ಫೋನ್ ಮಾಡಿದ್ದ. ಚಳಿ ತಡೆಯಲಿಕ್ಕೆ ಆಗವಲ್ದಣ್ಣ, ಮನಸು ನಿಲ್ಲವಲ್ದು, ಬಂದು ಬಿಡ್ಲೇನು ಎಂದ. ಅವನ ಮಾತು ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸುಮ್ನ ಈ ಸೀಸನ್ ಮುಗಿಸಿ ಬಾರಲೇ, ಹೆಂಗಸ್ರಂಗ ಆಡಬ್ಯಾಡ ಎಂದು ನಾನು ಫೋನ್ ಇಟ್ಟೆ. ಇದನ್ನು ಅವನ ಹೆಂಡತಿ ರತ್ನಗೂ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ.

ಮುದುಕ ನನ್ನನ್ನು ಸಮಾಧಾನ ಮಾಡಲಿಲ್ಲ. ಅದು ಒಳ್ಳೆಯದಾಯಿತು. ಒಂದು ಸಲ ತಲೆ ಆಡಿಸಿ ಇನ್ನೊಂದು ಕೈಯನ್ನೂ ಜೇಬಿನಿಂದ ತೆಗೆದರು.

ಕೆರೆಯ ಅಂಚಿನ ಕಲ್ಲಿನ ಮೇಲೆ ನಿಂತೆವು. ತಂಬಿಗೆ ಮುಳುಗಿಸಿ ತುಂಬಿದೆ. ಮಣಿಕಟ್ಟಿನವರೆಗೆ ನೀರಿಗೆ ಹೋದ ನನ್ನ ಕೈಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು. ಮೇ ತಿಂಗಳು ಅದು. ಏಪ್ರಿಲ್ ಹೇಗಿದ್ದಿರಬೇಕು. ಮೂರು ಸಲ ತುಂಬಿ ಹಾಕಬೇಕು, ಮೂರು ಸಲ ಹಾಕಿದೆ. ಮುದುಕ ಕೈ ಹಿಂದಕ್ಕೆ ತೆಗೆಯಲಿಲ್ಲ. ಧೋತರ, ಟವಲು ಅವರ ಕೈಗಿಟ್ಟೆ. ಹೇಳಬೇಕಾದ ಮಾತನ್ನು ಮಾಬು ಹೇಳಿಕೊಟ್ಟ. ಅವರು ಅರ್ಧ ಹೇಳಿ ನಿಲ್ಲಿಸಿದರು. ಆಮೇಲೆ ಇನ್ನೇನೋ ಸೇರಿಸಿ ಹೇಳಿದರು.

"ಏನಂದ?"

"ಕೊಟ್ಟೆ, ಆದ್ರ ತಡಾ ಮಾಡಿ ಕೊಟ್ಟೆ ಅಂದ."

ನನ್ನ ಬೆರಳು ನೀಲಿಗಟ್ಟಿದ್ದವು. ತಂಬಿಗೆ ಹಿಡಿಯಲಾಗದೆ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಮುದುಕ ಗಾಬರಿಯಾಗಿ ಏನೋ ಬೈದುಕೊಂಡು, ಆಗಷ್ಟೇ ಕೊಟ್ಟ ಹೊಸ ಟವಲು ಬಿಡಿಸಿ ನನ್ನ ಎರಡೂ ಕೈ ಅದರಲ್ಲಿ ಸುತ್ತಿ ಗಸಗಸ ಉಜ್ಜತೊಡಗಿದರು. ಆ ಬಟ್ಟೆಯನ್ನು ನಾನು ಮುಟ್ಟಬಾರದು. ಮಾಬು ಅದನ್ನು ಹೇಳಲು ಬಾಯಿ ತೆರೆದ. ನಾನು ಬೇಡ ಎಂದು ಕಣ್ಣು ಸನ್ನೆ ಮಾಡಿದೆ. ಬೆರಳಲ್ಲಿ ಮತ್ತೆ ರಕ್ತ ಹರಿಯುವವರೆಗೆ ಅವರು ಬಿಡಲಿಲ್ಲ.

ಬಸ್ ನಿಲ್ದಾಣ

ಹಳ್ಳಿಯ ಬಸ್ ನಿಲ್ದಾಣ ಎಂದರೆ ಒಂದು ಕಂಬ ಅಷ್ಟೇ. ಮಾಬು ಅಡುಗೆಗೆ ಹೊತ್ತಾಯಿತೆಂದು ನನ್ನನ್ನು ಬಿಟ್ಟು ಹೋದ. ಹೋಗುವಾಗ, "ಕೊಟ್ಟೂರಾಗ ನಮ್ಮವ್ವ ಸಿಕ್ರ ದಪ್ಪ ಆಗ್ಯಾನ ಅಂತ ಹೇಳು, ಯಣ್ಣ," ಎಂದ. ಅವನು ಬಡಕಲಾಗಿದ್ದಾನೆ.

ಅವ್ವನಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆಯಾಗಿತ್ತು. ಹಿಂದೆ ರತ್ನ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ತೊಳಸಿದೇನು?"

"ತೊಳಸಿದ್ನವ್ವ."

"ಬಟ್ಟಿ ತಗಂಡನಾ?"

"ತಗಂಡ."

"ಎಂಥವ ಅದಾನ? ಅವನ ಕೈ ಹೆಂಗ ಅದಾವು?"

"ಮುದುಕ ಅದಾನವ್ವ. ಕೈ ಜೇಬಿನಾಗ ಇಟ್ಕಂಡಿದ್ದ. ಈಗ ಸ್ವಲ್ಪ ಅಡ್ಡಿಲ್ಲ."

ಪಾತ್ರೆಯ ಸದ್ದು ನಿಂತಿತು. ಫೋನ್ ಕಟ್ಟಾಯಿತೇನೋ ಎಂದು ನೋಡಿದೆ. ಆಗಿರಲಿಲ್ಲ.

"ಅವತ್ತು ಹುಲುಗ ನಿನಗ ಮಾಡಿದ ಮ್ಯಾಲ ನನಗೂ ಫೋನ್ ಮಾಡಿದ್ದ," ಎಂದಳು ಅವ್ವ. "ಅಣ್ಣ ಬ್ಯಾಡ ಅಂದ ಅಂತ ಹೇಳಿದ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಿನ್ನವು ಹೆಂಗ ಅದಾವಪ್ಪ, ಕೈ?"

"ಬಸ್ಸು ಬಂತವ್ವ," ಎಂದೆ.

ಬಸ್ಸು ಇನ್ನೂ ಬಂದಿರಲಿಲ್ಲ.